ಆರ್ಥಿಕ ಕುಸಿತ ಮತ್ತು ಉಗ್ರ ರಾಜಕಾರಣ: ಜರ್ಮನಿ ಕಲಿಸಿದ ಪಾಠ

ಬಡತನ ಹೆಚ್ಚಿದರೆ ಜನ ಉಗ್ರ ಪಕ್ಷಗಳ ಹಿಂದೆ ಹೋಗುತ್ತಾರೆ ಎಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಜರ್ಮನಿ. ಅಲ್ಲಿ ನೋಟಿನ ಬೆಲೆ ಕಾಗದದ ಬೆಲೆಗಿಂತ ಕಡಿಮೆಯಾಯಿತು, ಜನ ಹಸಿದರು, ಹಿಟ್ಲರ್ ಬಂದ ಎಂದು ಮೂರು ವಾಕ್ಯಗಳಲ್ಲಿ ಕಥೆ ಮುಗಿಸುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಯದೆ ಹೋದರೆ ನಾವು ತಪ್ಪು ಪಾಠ ಕಲಿಯುತ್ತೇವೆ.

ಮೊದಲು ಇಸವಿಗಳನ್ನು ನೋಡೋಣ. ಜರ್ಮನಿಯ ಆ ಭೀಕರ ಹಣದುಬ್ಬರ 1923ರದು. ಆದರೆ ಅದಾಗಿ ಐದು ವರ್ಷದ ಮೇಲೆ, 1928ರ ಮೇ ತಿಂಗಳ ಚುನಾವಣೆಯಲ್ಲಿ, ಹಿಟ್ಲರನ ನಾಜಿ ಪಕ್ಷಕ್ಕೆ ಬಂದದ್ದು ಶೇ. 2.6 ಮತ. 491 ಸ್ಥಾನಗಳಲ್ಲಿ 12 ಮಾತ್ರ. ಆ ಪಕ್ಷ ಮುಗಿದೇಹೋಯಿತು ಎಂದು ಬಹಳ ಜನ ತಿಳಿದಿದ್ದರು. 1929ರ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಜರ್ಮನಿಯ ಕಾರ್ಖಾನೆಗಳು, ನಗರಸಭೆಗಳು ನಡೆಯುತ್ತಿದ್ದುದು ಬಹುಮಟ್ಟಿಗೆ ಅಮೆರಿಕದ ಅಲ್ಪಾವಧಿ ಸಾಲದ ಮೇಲೆ. ಆ ಸಾಲ ಹಿಂದಕ್ಕೆ ಹೋಯಿತು. 1931ರ ಜುಲೈನಲ್ಲಿ ದೊಡ್ಡ ಬ್ಯಾಂಕೊಂದು ಬಾಗಿಲು ಹಾಕಿತು. 1932ರ ಆರಂಭಕ್ಕೆ ನೋಂದಾಯಿತ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷ ದಾಟಿತು. ಇದೇ ಅವಧಿಯಲ್ಲಿ ನಾಜಿಗಳ ಮತ 1930ರ ಸೆಪ್ಟೆಂಬರಿನಲ್ಲಿ ಶೇ. 18.3ಕ್ಕೂ, 1932ರ ಜುಲೈನಲ್ಲಿ ಶೇ. 37.3ಕ್ಕೂ ಏರಿತು. 12 ಸ್ಥಾನಗಳ ಪಕ್ಷ ನಾಲ್ಕೇ ವರ್ಷದಲ್ಲಿ 230 ಸ್ಥಾನಗಳ ಪಕ್ಷವಾಯಿತು.

ಕುಸಿತಕ್ಕೂ ಮತಕ್ಕೂ ಸಂಬಂಧವಿದೆ ಎಂಬುದು ಇದರಿಂದ ಸ್ಪಷ್ಟ. ಆದರೆ ಈ ಮತ ಹಾಕಿದವರು ಯಾರು? ಕೆಲಸ ಕಳೆದುಕೊಂಡವರೇ ಎಂದು ನಾವು ಊಹಿಸುತ್ತೇವೆ. ಇತಿಹಾಸಕಾರರು ಕ್ಷೇತ್ರವಾರು ಲೆಕ್ಕ ಹಾಕಿ ಕಂಡದ್ದು ಬೇರೆ. ಕೆಲಸ ಹೋದ ಕಾರ್ಮಿಕರು ಹೆಚ್ಚಾಗಿ ಒಲಿದದ್ದು ಕಮ್ಯುನಿಸ್ಟರ ಕಡೆಗೆ. ಅವರ ಮತವೂ 1928ರ ಶೇ. 10.6ರಿಂದ 1932ರ ನವೆಂಬರಿಗೆ ಶೇ. 16.9ಕ್ಕೆ ಏರಿತ್ತು. ನಾಜಿಗಳಿಗೆ ಬಲ ಕೊಟ್ಟವರಲ್ಲಿ ಸಣ್ಣ ಅಂಗಡಿಕಾರರು, ಕುಶಲಕರ್ಮಿಗಳು, ಗುಮಾಸ್ತರು, ನಿವೃತ್ತರು ಮತ್ತು ಬೆಳೆಗೆ ಬೆಲೆಯಿಲ್ಲದೆ ಸಾಲದಲ್ಲಿ ಮುಳುಗಿದ್ದ ರೈತರು ಬಹಳ ಇದ್ದರು. ಉತ್ತರದ ಷ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರಾಂತ್ಯದಲ್ಲಿ ಸಾಲಕ್ಕೆ ಜಮೀನು ಹರಾಜಾಗುತ್ತಿತ್ತು. 1932ರ ಜುಲೈನಲ್ಲಿ ಅಲ್ಲಿ ನಾಜಿಗಳಿಗೆ ಅರ್ಧಕ್ಕಿಂತ ಹೆಚ್ಚು ಮತ ಬಿತ್ತು. ಅಂದರೆ ನೆಲಕ್ಕೆ ಬಿದ್ದವನಿಗಿಂತ ‘ನಾಳೆ ನಾನೂ ಬೀಳುತ್ತೇನೆ’ ಎಂದು ಹೆದರಿದವನೇ ಉಗ್ರರ ಕಡೆಗೆ ಹೆಚ್ಚು ಹೊರಳಿದ.

ಹಾಗಾದರೆ ಬಿದ್ದವನ ಪಾಡೇನು? ಇದಕ್ಕೆ ಪಕ್ಕದ ಆಸ್ಟ್ರಿಯಾದಲ್ಲಿ ಒಂದು ಉತ್ತರವಿದೆ. ವಿಯೆನ್ನಾ ಹತ್ತಿರದ ಮಾರಿಯೆಂಥಾಲ್ ಎಂಬ ಹಳ್ಳಿಯಲ್ಲಿ ಇಡೀ ಊರಿಗೆ ಅನ್ನ ಕೊಡುತ್ತಿದ್ದ ಬಟ್ಟೆ ಗಿರಣಿ ಮುಚ್ಚಿತು. ಮೇರಿ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಹಾನ್ಸ್ ಜೈಸೆಲ್ ಎಂಬ ಸಂಶೋಧಕರು ಆ ಊರನ್ನು ಕಣ್ಣಾರೆ ಕಂಡು, 1933ರಲ್ಲಿ ವರದಿ ಪ್ರಕಟಿಸಿದರು. ಕೆಲಸ ಹೋದ ಜನರಿಗೆ ಸಮಯ ಬೇಕಾದಷ್ಟಿತ್ತು. ಗ್ರಂಥಾಲಯ ಶುಲ್ಕವನ್ನೂ ತೆಗೆದುಹಾಕಿತ್ತು. ಆದರೂ ಪುಸ್ತಕ ಒಯ್ಯುವವರು ಕಡಿಮೆಯಾದರು. ಗಂಡಸರು ಕೈಗಡಿಯಾರ ಕಟ್ಟುವುದನ್ನು ಬಿಟ್ಟರು, ಬೀದಿಯಲ್ಲಿ ಅವರ ನಡಿಗೆ ನಿಧಾನವಾಯಿತು. ಅವರು ಬಂಡೇಳಲಿಲ್ಲ, ಒಳಗೇ ಮುದುಡಿಕೊಂಡರು. ಕಾಯಕ ಹೋದರೆ ಸಂಬಳ ಮಾತ್ರ ಹೋಗುವುದಿಲ್ಲ, ದಿನಕ್ಕೊಂದು ಕ್ರಮ ಮತ್ತು ತನ್ನ ಮೇಲೆ ತನಗಿರುವ ಗೌರವ ಕೂಡ ಹೋಗುತ್ತದೆ ಎಂಬುದನ್ನು ಕಾಯಕದ ಬೆಲೆ ಬಲ್ಲ ನಮಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಸರಕಾರದ ಪಾತ್ರಕ್ಕೆ ಬರೋಣ. ನೀರಾವರಿ ಕೆಲಸ ಬಲ್ಲವರಿಗೆ ಒಂದು ಸಂಗತಿ ಗೊತ್ತು. ಕೆರೆ ಏರಿ ಒಡೆದರೆ ಊರವರು ಮಳೆಯನ್ನು ಬೈಯುತ್ತಾರೆ. ಹೋಗಿ ನೋಡಿದರೆ ಎಷ್ಟೋ ಸಲ ಕೋಡಿ ಹೂಳು, ಗಿಡಗಂಟಿಗಳಿಂದ ಮುಚ್ಚಿರುತ್ತದೆ. ಹೆಚ್ಚಾದ ನೀರಿಗೆ ಹೋಗಲು ದಾರಿಯಿಲ್ಲದೆ ಏರಿಯ ಮೇಲೇ ಹರಿದು ಅದನ್ನು ಕೊರೆದಿರುತ್ತದೆ. ಜರ್ಮನಿಯಲ್ಲಿ ಆದದ್ದೂ ಇದೇ. 1930ರ ಮಾರ್ಚಿನಲ್ಲಿ ಚಾನ್ಸಲರ್ ಆದ ಹೈನ್ರಿಕ್ ಬ್ರೂನಿಂಗ್ ಕುಸಿತದ ನಡುವೆಯೇ ಖರ್ಚು ಕಡಿತ ಮಾಡಿದ. ನೌಕರರ ಸಂಬಳ, ಪಿಂಚಣಿ, ನಿರುದ್ಯೋಗ ಭತ್ಯೆ ಎಲ್ಲಕ್ಕೂ ಕತ್ತರಿ ಬಿತ್ತು, ತೆರಿಗೆ ಏರಿತು. 1923ರ ಹಣದುಬ್ಬರ ಮರುಕಳಿಸೀತು ಎಂಬ ಅಂಜಿಕೆ ಅವನಿಗಿತ್ತು. ಯುದ್ಧ ಪರಿಹಾರದ ಹಣ ಕೊಡಲು ದೇಶಕ್ಕೆ ಶಕ್ತಿಯಿಲ್ಲವೆಂದು ಹೊರಗಿನವರಿಗೆ ತೋರಿಸುವ ಲೆಕ್ಕಾಚಾರವೂ ಇತ್ತು. ಆದರೆ ಸಾಮಾನ್ಯ ಮನುಷ್ಯನಿಗೆ ಕಂಡದ್ದು ಇಷ್ಟೇ: ಕಷ್ಟ ಬಂದಾಗಲೇ ಸರಕಾರ ಕೈಬಿಟ್ಟಿತು. 2021ರಲ್ಲಿ ಪ್ರಕಟವಾದ, ನಾಲ್ವರು ಸಂಶೋಧಕರ ಒಂದು ಅಧ್ಯಯನ ಈ ಕಡಿತ ಮತ್ತು ತೆರಿಗೆಯ ಹೊಡೆತ ಎಲ್ಲಿ ಜೋರಾಗಿತ್ತೋ ಅಲ್ಲಿ ನಾಜಿ ಮತವೂ ಹೆಚ್ಚಿತ್ತೆಂದು ತೋರಿಸಿದೆ.

ಇನ್ನೊಂದು ಕೋಡಿಯೂ ಮುಚ್ಚಿತ್ತು. ಅದು ಸಂಸತ್ತು. ಪಕ್ಷಗಳು ಒಮ್ಮತಕ್ಕೆ ಬರಲಿಲ್ಲವೆಂದು ಆಡಳಿತವು ಅಧ್ಯಕ್ಷ ಹಿಂಡೆನ್‌ಬರ್ಗ್ ಸಹಿ ಹಾಕುವ ತುರ್ತು ಆಜ್ಞೆಗಳ ಮೇಲೆ ನಡೆಯತೊಡಗಿತು. 1930ರಲ್ಲಿ ಸಂಸತ್ತು 98 ಕಾನೂನು ಮಾಡಿತ್ತು. 1932ರಲ್ಲಿ ಮಾಡಿದ್ದು ಬರೀ 5. ಆ ವರ್ಷ ಹೊರಬಿದ್ದ ತುರ್ತು ಆಜ್ಞೆಗಳು 66. ಹಿಟ್ಲರ್ ಬಂದು ಪ್ರಜಾಪ್ರಭುತ್ವವನ್ನು ಕೊಲ್ಲುವ ಮೊದಲೇ ಅದು ಬಡಕಲಾಗಿತ್ತು. ಸಂಸತ್ತಿನಲ್ಲಿ ಮಾತಾಡಿ ಉಪಯೋಗವಿಲ್ಲ ಎಂದು ಜನರಿಗೆ ಅನ್ನಿಸಿದ ಮೇಲೆ, ಸಂಸತ್ತೇ ಬೇಡ ಎನ್ನುವವನ ಮಾತು ಅವರ ಕಿವಿಗೆ ಹಿತವಾಗಿ ಕೇಳುತ್ತದೆ.

ಇಂಥ ಹೊತ್ತಿನಲ್ಲಿ ನಾಜಿಗಳು ಹೆದರಿದ ಜನರಿಗೆ ಒಬ್ಬ ಅಪರಾಧಿಯನ್ನು ತೋರಿಸಿಕೊಟ್ಟರು. ಜರ್ಮನಿಯ ಜನಸಂಖ್ಯೆಯಲ್ಲಿ ಯಹೂದಿಗಳು ಶೇ. 1ಕ್ಕಿಂತ ಕಡಿಮೆ. ಅಮೆರಿಕದ ಸಾಲ ಹಿಂದಕ್ಕೆ ಹೋದದ್ದಕ್ಕಾಗಲಿ, ಗೋಧಿಯ ಬೆಲೆ ಇಳಿದದ್ದಕ್ಕಾಗಲಿ ಅವರು ಕಾರಣರಲ್ಲ. ಆದರೆ ಬ್ಯಾಂಕು, ಸಾಲ, ರಫ್ತು, ವಿನಿಮಯ ದರ ಎಂಬ ಕಣ್ಣಿಗೆ ಕಾಣದ ಕಾರಣಗಳಿಗಿಂತ ಪಕ್ಕದ ಬೀದಿಯಲ್ಲಿ ಕಾಣುವ ಮನುಷ್ಯನನ್ನು ದ್ವೇಷಿಸುವುದು ಸುಲಭ.

ಕುಸಿತ ಬಂದ ಕಡೆಯೆಲ್ಲ ಹೀಗೇ ಆಗಬೇಕೆಂದಿಲ್ಲ. 1933ರ ಹೊತ್ತಿಗೆ ಅಮೆರಿಕದಲ್ಲಿ ದುಡಿಯುವವರಲ್ಲಿ ನಾಲ್ಕರಲ್ಲೊಬ್ಬರಿಗೆ ಕೆಲಸವಿರಲಿಲ್ಲ. ಆ ವರ್ಷ ಅಧಿಕಾರಕ್ಕೆ ಬಂದ ರೂಸ್‌ವೆಲ್ಟ್ ರಸ್ತೆ, ಅಣೆಕಟ್ಟು, ಅರಣ್ಯ ಕೆಲಸಗಳನ್ನು ತೆರೆದ. ಟೆನೆಸ್ಸಿ ಕಣಿವೆ ಪ್ರಾಧಿಕಾರ ಹುಟ್ಟಿದ್ದು ಆಗಲೇ. ನಮ್ಮ ದೇಶದ ದಾಮೋದರ ಕಣಿವೆ ನಿಗಮಕ್ಕೆ ಅದೇ ಮಾದರಿ. ಕುಸಿತ ಪೂರ್ತಿ ನೀಗಲು ವರ್ಷಗಳೇ ಹಿಡಿದವು, ಆದರೆ ಸರಕಾರ ತಮ್ಮ ಪರ ನಿಂತಿದೆ ಎಂದು ಜನರಿಗೆ ಅನ್ನಿಸಿತು. ಸ್ವೀಡನ್ನಿನಲ್ಲಿ 1933ರ ಮೇ ತಿಂಗಳಲ್ಲಿ ಕಾರ್ಮಿಕರ ಪಕ್ಷವೂ ರೈತರ ಪಕ್ಷವೂ ಒಪ್ಪಂದ ಮಾಡಿಕೊಂಡವು. ರೈತರಿಗೆ ಬೆಳೆಯ ಬೆಲೆಗೆ ರಕ್ಷಣೆ, ಕಾರ್ಮಿಕರಿಗೆ ಸರಿಯಾದ ಕೂಲಿಯ ಸಾರ್ವಜನಿಕ ಕೆಲಸ. ಪರಸ್ಪರ ಜಗಳವಾಡಬಹುದಾಗಿದ್ದ ಎರಡು ವರ್ಗಗಳು ಕೈ ಹಿಡಿದವು. ಅಲ್ಲಿನ ನಾಜಿ ಪಕ್ಷಗಳು ರಾಷ್ಟ್ರೀಯ ಚುನಾವಣೆಯಲ್ಲಿ ಒಂದು ಸ್ಥಾನವನ್ನೂ ಗೆಲ್ಲಲಿಲ್ಲ.

ಮಠ, ಬಸವ ಸಮಿತಿ, ಅಕ್ಕನ ಬಳಗಗಳಲ್ಲಿ ತೊಡಗಿರುವ ಶರಣ ಬಂಧುಗಳು ವಿಶೇಷವಾಗಿ ಯೋಚಿಸಬೇಕಾದ ಸಂಗತಿಯೊಂದಿದೆ. ಊರಿನಲ್ಲಿ ಸಂಘ ಸಂಸ್ಥೆಗಳು ಗಟ್ಟಿಯಾಗಿದ್ದರೆ ದ್ವೇಷ ಒಳಗೆ ಬರುವುದಿಲ್ಲ ಎಂದು ನಾವು ನಂಬುತ್ತೇವೆ. ಜರ್ಮನಿಯ ನಗರಗಳನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ನಂಬಿಕೆಯನ್ನು ಅಲುಗಾಡಿಸುತ್ತದೆ. ಹಾಡಿನ ಸಂಘ, ವ್ಯಾಯಾಮ ಸಂಘ, ಪಶುಪಾಲಕರ ಸಂಘ ಹೆಚ್ಚಾಗಿದ್ದ ಊರುಗಳಲ್ಲೇ ನಾಜಿ ಪಕ್ಷದ ಸದಸ್ಯರ ಸಂಖ್ಯೆ ಬೇಗ ಬೆಳೆಯಿತು. ಏಕೆಂದರೆ ಪರಿಚಯವೂ ವಿಶ್ವಾಸವೂ ಮೊದಲೇ ಇದ್ದ ಕಡೆ ಹೊಸ ಮಾತು ಬೇಗ ಹರಡುತ್ತದೆ. ಇತ್ತ ಕ್ಯಾಥೊಲಿಕ್ ಪ್ರದೇಶಗಳ ಬಹುಪಾಲು ಜನ ತಮ್ಮ ಹಳೆಯ ಪಕ್ಷವನ್ನು ಬಿಡಲಿಲ್ಲ. ಅವರ ಧರ್ಮಗುರುಗಳಲ್ಲಿ ಅನೇಕರು 1933ರವರೆಗೂ ನಾಜಿಗಳ ವಿರುದ್ಧ ಬಹಿರಂಗವಾಗಿ ಎಚ್ಚರಿಸಿದ್ದರು. ಅಂದಮೇಲೆ ಜನ ಒಟ್ಟು ಸೇರುವ ಜಾಗ ಇದ್ದರೆ ಸಾಲದು, ಅಲ್ಲಿ ಆಡುವ ಮಾತು ಯಾವುದು ಎಂಬುದೇ ಮುಖ್ಯ.

ಕೊನೆಯದಾಗಿ, ಮರೆತುಹೋಗುವ ಒಂದು ಸತ್ಯ. 1932ರ ನವೆಂಬರಿನಲ್ಲಿ ನಾಜಿಗಳ ಮತ ಶೇ. 33.1ಕ್ಕೆ ಇಳಿದಿತ್ತು. ಸ್ವತಂತ್ರವಾಗಿ ನಡೆದ ಯಾವ ಚುನಾವಣೆಯಲ್ಲೂ ಅವರಿಗೆ ಬಹುಮತ ಬಂದಿರಲಿಲ್ಲ. 1933ರ ಜನವರಿ 30ರಂದು ಹಿಟ್ಲರನನ್ನು ಗದ್ದುಗೆಗೆ ಏರಿಸಿದವರು ಅವನನ್ನು ಹಿಡಿತದಲ್ಲಿಟ್ಟುಕೊಳ್ಳಬಹುದೆಂದು ನಂಬಿದ ಪ್ರತಿಷ್ಠಿತರು. ಎರಡು ತಿಂಗಳೊಳಗೆ ಸಂಸತ್ತು ತನ್ನ ಅಧಿಕಾರವನ್ನೆಲ್ಲ ಅವನ ಕೈಗೆ ಒಪ್ಪಿಸಿತು. ಆ ದಿನ ವಿರೋಧವಾಗಿ ಮತ ಹಾಕಿದವರು 94 ಮಂದಿ ಸೋಷಿಯಲ್ ಡೆಮಾಕ್ರಟರು ಮಾತ್ರ.

ಕಷ್ಟದ ಕಾಲ ಯಾವ ಸಮಾಜಕ್ಕಾದರೂ ಬರುತ್ತದೆ. ಮಳೆ ನಮ್ಮ ಕೈಯಲ್ಲಿಲ್ಲ, ಕೋಡಿ ನಮ್ಮ ಕೈಯಲ್ಲಿದೆ. ಊರಿನಲ್ಲಿ ಯಾರ ಕೆಲಸ ಹೋಯಿತು, ಯಾರ ಅಂಗಡಿ ಮುಚ್ಚಿತು, ಯಾರ ಜಮೀನು ಸಾಲಕ್ಕೆ ಸಿಕ್ಕಿದೆ ಎಂದು ವಿಚಾರಿಸಿ, ಜಾತಿ ಮತ ಕೇಳದೆ ಅವರಿಗೊಂದು ಕಾಯಕ ಹುಡುಕಿಕೊಡುವುದು ನಮ್ಮಿಂದ ಆಗುವ ಕೆಲಸ. ಸರಕಾರ ಯಾವ ಪಕ್ಷದ್ದೇ ಇರಲಿ, ಕಷ್ಟದ ವರ್ಷದಲ್ಲಿ ಬಡವರ ಬಾಬತ್ತಿಗೆ ಕತ್ತರಿ ಹಾಕಬೇಡಿ ಎಂದು ಮಠಾಧೀಶರೂ ಭಕ್ತರೂ ಒಟ್ಟಾಗಿ ಕೇಳಬೇಕು. ಹಾಗೆಯೇ ನಮ್ಮ ವೇದಿಕೆಗೆ ಬಂದು ‘ನಿಮ್ಮ ಕಷ್ಟಕ್ಕೆಲ್ಲ ಇಂಥವರೇ ಕಾರಣ’ ಎಂದು ಯಾರಾದರೂ ಬೆರಳು ತೋರಿಸಿದರೆ, ‘ಅವರನ್ನು ಓಡಿಸಿದರೆ ಈ ಊರಿನಲ್ಲಿ ಎಷ್ಟು ಜನರಿಗೆ ಕೆಲಸ ಸಿಗುತ್ತದೆ, ಲೆಕ್ಕ ಕೊಡಿ’ ಎಂದು ಅಲ್ಲೇ ಎದ್ದುನಿಂತು ಕೇಳಬೇಕು.