ಹಳೆ ಸೌದೆ ಒಲೆ ಕಿತ್ತು ಹೊಗೆರಹಿತ ಒಲೆ ಹಾಕಿಸಿದರೆ ಹೊಗೆಯ ಕಾಟ ಮುಗಿಯಿತೇ?

ಗ್ಯಾಸ್ ಬಂದ ಮೇಲೂ ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಬಚ್ಚಲು ಹಂಡೆಗೆ ಸೌದೆಯೇ ಉರಿಯುತ್ತದೆ. ರೊಟ್ಟಿ, ಮುದ್ದೆಗೆ ಸೌದೆ ಒಲೆಯೇ ಆಗಬೇಕು ಎನ್ನುವವರೂ ಇದ್ದಾರೆ. ಹಾಗಾಗಿ ‘ಹಳೆ ಒಲೆ ಕಿತ್ತು ಹೊಗೆರಹಿತ ಒಲೆ ಕೂರಿಸಿ, ಹೊಗೆ ಚಿಂತೆ ಬಿಡಿ’ ಎಂಬ ಸಲಹೆ ಆಗಾಗ ಕಿವಿಗೆ ಬೀಳುತ್ತದೆ. ಇದು ಅರ್ಧ ನಿಜ. ಉಳಿದರ್ಧ ಏನೆಂದು ನೋಡೋಣ.

ಹಳೆ ಒಲೆ ಏಕೆ ಹೊಗೆಯುತ್ತದೆ?

ಸೌದೆ ಕಾದಾಗ ಅದರಿಂದ ಅನಿಲಗಳು ಹೊರಡುತ್ತವೆ. ಸಾಕಷ್ಟು ಗಾಳಿ, ಬಿಸಿ ಸಿಕ್ಕರೆ ಅವು ಜ್ವಾಲೆಯಾಗಿ ಉರಿಯುತ್ತವೆ. ಸಿಗದಿದ್ದರೆ ಹೊಗೆಯಾಗುತ್ತವೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಉಳಿದದ್ದು ಗಾಳಿಪಾಲು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಮನೆಯೊಳಗಿನ ಇಂಥ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಸತ್ತಿದ್ದಾರೆ.

ನಮ್ಮದೇ ‘ಅಸ್ತ್ರ ಒಲೆ’

ಇದಕ್ಕೆ ಪರಿಹಾರ ಹುಡುಕಿದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಅಸ್ತ್ರ ಒಲೆ ಅಲ್ಲಿನ ಕೊಡುಗೆ. ಇದರಲ್ಲಿ ಸೌದೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ, ಗಾಳಿ ಕೆಳಗಿನಿಂದ ಬರುತ್ತದೆ. ಬಿಸಿ ಅನಿಲ ಒಂದರ ಹಿಂದೆ ಒಂದರಂತೆ ಮೂರು ಪಾತ್ರೆಗಳ ತಳ ಸವರಿ ಕೊಳವೆಯ ಮೂಲಕ ಹೊರಹೋಗುತ್ತದೆ. ಜಾಲರಿ, ಪಾತ್ರೆಯ ಕುಳಿ, ಕೊಳವೆ ಇವುಗಳ ಅಳತೆ ಒಂದಕ್ಕೊಂದು ಹೊಂದಬೇಕು. ‘ನಮ್ಮ ಪಾತ್ರೆ ದೊಡ್ಡದು’ ಎಂದು ಕುಳಿ ಅಗಲ ಮಾಡಿಸಿದರೆ ಹೊಗೆ ಮತ್ತೆ ಅಡುಗೆಮನೆಗೇ ಬರುತ್ತದೆ.

ಒಡಿಶಾದ ಪಾಠ

ಕೊಳವೆ ಇರುವ ಸುಧಾರಿತ ಒಲೆಗಳನ್ನು ಒಡಿಶಾದ ಸುಮಾರು 2,600 ಮನೆಗಳ ಅಧ್ಯಯನದಲ್ಲಿ ಪರೀಕ್ಷಿಸಲಾಯಿತು. ಮುಂದೆ ನೊಬೆಲ್ ಪಡೆದ ಎಸ್ತರ್ ಡುಫ್ಲೊ ಕೂಡ ಆ ತಂಡದಲ್ಲಿದ್ದರು. ಮೊದಲ ವರ್ಷ ಅಡುಗೆ ಮಾಡುವವರು ಕುಡಿಯುವ ಹೊಗೆ ಕಡಿಮೆಯಾಯಿತು. ಆಮೇಲೆ ಆ ಲಾಭ ಕರಗಿಹೋಯಿತು. ಶ್ವಾಸಕೋಶದ ಆರೋಗ್ಯದಲ್ಲಾಗಲಿ, ಸೌದೆ ಖರ್ಚಿನಲ್ಲಾಗಲಿ ಬದಲಾವಣೆ ಕಾಣಲಿಲ್ಲ. ಕಾರಣ ಸರಳ: ಒಲೆಯನ್ನು ಸರಿಯಾಗಿ, ನಿತ್ಯ ಬಳಸಲಿಲ್ಲ, ಕೆಟ್ಟದ್ದನ್ನು ರಿಪೇರಿ ಮಾಡಿಸಲಿಲ್ಲ. ಒಲೆ ಕೂರಿಸುವುದು ಒಂದು ದಿನದ ಕೆಲಸ, ಅದನ್ನು ನೋಡಿಕೊಳ್ಳುವುದು ವರ್ಷವಿಡೀ ಇರುವ ಕೆಲಸ.

ಹಳೆಯದನ್ನು ಕೀಳುವ ಮುನ್ನ

• ಬೂದಿ ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಮರುದಿನದವರೆಗೂ ಜೀವಂತ ಇರಬಹುದು. ಗೊಬ್ಬರದ ಚೀಲಕ್ಕೋ ಪ್ಲಾಸ್ಟಿಕ್ ಬುಟ್ಟಿಗೋ ಸುರಿಯಬೇಡಿ.

• ಹಳೆ ಕೊಳವೆ ಕಲ್ನಾರು ಸಿಮೆಂಟಿನದ್ದಾಗಿರಬಹುದು. ಅದನ್ನು ಗರಗಸದಿಂದ ಕೊಯ್ಯಬೇಡಿ, ಸುತ್ತಿಗೆಯಿಂದ ಒಡೆಯಬೇಡಿ. ಅದರ ದೂಳು ಶ್ವಾಸಕೋಶಕ್ಕೆ ಅಪಾಯ. ನೀರು ಚಿಮುಕಿಸಿ, ಇಡಿಯಾಗಿ ಇಳಿಸಿ.

• ಹೊಸ ಒಲೆಗೆ ಹಳೆ ಕೊಳವೆಯನ್ನೇ ಜೋಡಿಸುವ ಉಳಿತಾಯ ಬೇಡ. ಒಳಗೆ ಕಟ್ಟಿದ ಮಸಿ ಮತ್ತು ಟಾರು ದಾರಿ ಕಿರಿದು ಮಾಡುತ್ತವೆ, ಕೆಲವೊಮ್ಮೆ ತಾವೇ ಹೊತ್ತಿಕೊಳ್ಳುತ್ತವೆ. ಕೊಳವೆ ತೊಲೆ, ಪಕಾಸಿ, ಸೋಗೆಗೆ ತಾಗಬಾರದು. ತುದಿ ಮಾಡಿಗಿಂತ ಮೇಲಿರಬೇಕು.

• ಒಲೆ ಮತ್ತು ಗೋಡೆಯ ನಡುವೆ, ಕೊಳವೆಯ ಬುಡದಲ್ಲಿ ಬಿರುಕು ಬಿಡಬೇಡಿ. ಕೂರಿಸಿದ ಮೇಲೆ ಒಲೆಯ ಬಾಯಿಗೆ ಉರಿಯುವ ಕಾಗದ ಹಿಡಿಯಿರಿ. ಜ್ವಾಲೆ ಒಳಕ್ಕೆ ಬಾಗಿದರೆ ಕೊಳವೆ ಎಳೆಯುತ್ತಿದೆ ಎಂದರ್ಥ. ಹೊರಕ್ಕೆ ಬಂದರೆ ಕೆಲಸದವರನ್ನು ಆಗಲೇ ಕಳಿಸಬೇಡಿ.

ಎರಡು ನಂಬಿಕೆಗಳು

‘ಹೊಗೆ ಕಾಣದಿದ್ದರೆ ಅಪಾಯವಿಲ್ಲ’: ತಪ್ಪು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿಗಿನಿಗಿ ಕೆಂಡದಿಂದಲೂ ಅದು ಬರುತ್ತದೆ. ಚಳಿಗೆಂದು ಕೆಂಡದ ಬಾಣಲೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವುದು ಪ್ರಾಣಕ್ಕೇ ಎರವಾಗಬಹುದು.

‘ಹೊಗೆಯಿಂದ ಮಾಡು ಬಾಳಿಕೆ ಬರುತ್ತದೆ’: ಇದರಲ್ಲಿ ಸ್ವಲ್ಪ ಸತ್ಯವಿದೆ. ಬಿಸಿ ಮತ್ತು ಹೊಗೆ ಮರವನ್ನು ಒಣಗಿಸಿಟ್ಟು ಹುಳುಗಳನ್ನು ದೂರವಿಡುತ್ತವೆ. ಹೊಗೆ ನಿಂತ ಮೇಲೆ ತೊಲೆಗಳನ್ನು ಆಗಾಗ ನೋಡಿ, ಗೆದ್ದಲಿಗೆ ಬೇರೆ ಮದ್ದು ಮಾಡಬಹುದು. ಆದರೆ ಮಾಡು ಉಳಿಸಲು ಒಲೆ ಮುಂದೆ ಕೂತವರ ಎದೆಗೂಡನ್ನು ಪಣಕ್ಕಿಡುವುದು ಯಾವ ಲೆಕ್ಕ?

ಕೊನೆಯ ಮಾತು

ಹೊಸ ಒಲೆ ಒಳ್ಳೆಯದೇ. ಆದರೆ ಅದರ ಜೊತೆ ಒಣ ಸೌದೆ, ಸರಿಯಾದ ಅಳತೆ, ಆಗಾಗ ಕೊಳವೆ ಶುಚಿ, ತೆರೆದ ಕಿಟಕಿ ಇವೂ ಬೇಕು. ‘ಹೊಗೆರಹಿತ’ ಎಂಬ ಹೆಸರು ಕೇಳಿ ಸಂದೇಶ ಫಾರ್ವರ್ಡ್ ಮಾಡುವ ಮುನ್ನ, ನಿಮ್ಮ ಮನೆಯ ಕೊಳವೆಯನ್ನು ಕೊನೆಯ ಬಾರಿ ಶುಚಿ ಮಾಡಿದ್ದು ಯಾವಾಗ ಎಂದು ಒಮ್ಮೆ ನೆನಪಿಸಿಕೊಳ್ಳಿ.