ಅಗ್ಗದ ವಿಷ, ದುಬಾರಿ ವಿಷ

ಯಾದಗಿರಿ, ಶಹಾಪುರ, ಸುರಪುರಗಳಿಂದ ವಿದ್ಯಾಭ್ಯಾಸಕ್ಕಾಗಿ ಮಹಾನಗರಗಳಿಗೆ ಹೋಗುವ ತರುಣರ ಮುಂದೆ ಇಂದು ವಿಚಿತ್ರ ಪ್ರಶ್ನೆಯೊಂದಿದೆ: ಇ-ಸಿಗರೇಟಿನಲ್ಲಿ ಅಗ್ಗದ್ದು ಲೇಸೋ, ವೋಲ್ಟೇಜನ್ನು ಇಚ್ಛೆಯಂತೆ ಏರಿಳಿಸಬಲ್ಲ ದುಬಾರಿ ಯಂತ್ರ ಲೇಸೋ? ಬೀಡಿ ಬಿಟ್ಟು ಸಿಗರೇಟು ಹಿಡಿದವನು ತಾನು ಸುಧಾರಿಸಿದೆನೆಂದು ಬೀಗಿದಂತಿದೆ ಈ ವಿವೇಕ.

ಯಂತ್ರವನ್ನೇ ಪರೀಕ್ಷಿಸೋಣ. ಬ್ಯಾಟರಿಯು ತಂತಿಯ ಸುರುಳಿಯನ್ನು ಕಾಯಿಸುತ್ತದೆ. ಸುರುಳಿಯು ನಿಕೋಟಿನ್ ಬೆರೆತ ದ್ರವವನ್ನು ಆವಿಯಾಗಿಸುತ್ತದೆ. ವೋಲ್ಟೇಜು ಏರಿದಂತೆ ಕಾವು ಏರುತ್ತದೆ, ಆವಿ ದಟ್ಟವಾಗುತ್ತದೆ. ಕಾವು ಮಿತಿಮೀರಿದರೆ ದ್ರವವೇ ವಿಘಟನೆಗೊಂಡು ಫಾರ್ಮಾಲ್ಡಿಹೈಡ್ ಎಂಬ ವಿಷವಸ್ತು ಹುಟ್ಟುತ್ತದೆ. ಹೆಚ್ಚು ಹಣ ತೆತ್ತವನಿಗೆ ಕಾವಿನ ಮೇಲೆ ಹಿಡಿತ ದೊರೆತೀತು. ಚಟದ ಮೇಲೆ ದೊರೆಯದು.

ಸಿಗರೇಟಿಗಿಂತ ಹಾನಿ ಕಡಿಮೆಯಲ್ಲವೇ ಎನ್ನುವವರುಂಟು. ಉರಿಯುವ ತಂಬಾಕಿನ ಟಾರು ಇದರಲ್ಲಿಲ್ಲ, ನಿಜ. ಆದರೆ ಎಂದೂ ಹೊಗೆ ಸೇದದ ಹುಡುಗನಿಗೆ ಆ ವಾದ ಹೇಗೆ ಅನ್ವಯಿಸೀತು?

ಇದರ ಮಾರಾಟವನ್ನು ಕರ್ನಾಟಕವು 2016ರಲ್ಲಿ, ಕೇಂದ್ರವು 2019ರ ಕಾಯ್ದೆಯಿಂದ ನಿಷೇಧಿಸಿವೆ. ಮಾರಿದವನಿಗೆ ಮೊದಲ ಅಪರಾಧಕ್ಕೆ 1 ವರ್ಷದವರೆಗೆ ಸೆರೆ, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಂದಮೇಲೆ ಅಗ್ಗದ್ದೂ ದುಬಾರಿಯದೂ ಕಳ್ಳದಾರಿಯ ಸರಕೇ. ಅದರ ಗುಣಮಟ್ಟಕ್ಕೆ ಹೊಣೆ ಯಾರು?

ನಿಷ್ಪ್ರಯೋಜಕ ಹಿಂಸೆಯನ್ನು ಶಾಸ್ತ್ರವು ಅನರ್ಥದಂಡವೆಂದಿದೆ. ಪರರಿಗೆ ವಿಷ ಒದಗಿಸುವುದೂ ಅದರಲ್ಲೇ ಸೇರಿದೆ. ವ್ಯಾಪಾರಿಗಳೇ, ಲಾಭವೆಷ್ಟೇ ಇರಲಿ, ಈ ಸರಕನ್ನು ಅಂಗಡಿಯೊಳಗೆ ತರಬೇಡಿ. ತರುಣರೇ, ಎರಡರಲ್ಲಿ ಯಾವುದೆಂದು ಕೇಳುವುದನ್ನು ಬಿಟ್ಟು ಎರಡನ್ನೂ ತ್ಯಜಿಸಿರಿ.