ಟೈಮ್ ಸಡಿಲ ಇರಲಿ, ಮಾತು ಗಟ್ಟಿ ಇರಲಿ

"ಸಮಾಜಕ್ಕೆ ಏನಾದ್ರೂ ಮಾಡ್ಬೇಕು ಅನ್ಸುತ್ತೆ ಕಣೇ, ಆದ್ರೆ ಟೈಮೇ ಸಿಗಲ್ಲ." ನಮ್ಮ ವಯಸ್ಸಿನವರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಸುಳ್ಳಂತೂ ಅಲ್ಲ. ಬೆಳಗ್ಗೆ ಸಿಲ್ಕ್ ಬೋರ್ಡ್ ದಾಟೋಷ್ಟರಲ್ಲಿ ಅರ್ಧ ಜೀವ ಹೋಗಿರುತ್ತೆ. ಸಂಜೆ ಲ್ಯಾಪ್‌ಟಾಪ್ ಮುಚ್ಚೋ ಹೊತ್ತಿಗೆ ಇನ್ನೊಂದು ಕಾಲ್ ಬರುತ್ತೆ. ಇಂಥವರಿಗೆ "ವಾರಾವಾರ ಸಂಜೆ ಏಳಕ್ಕೆ ಸರಿಯಾಗಿ ಕ್ಲಬ್ಬಿನ ಸಭೆಗೆ ಬನ್ನಿ" ಅಂದ್ರೆ, ಬರೋರು ಯಾರು?

ಅದಕ್ಕೇ ಸೇವಾ ಕ್ಲಬ್‌ಗಳು ಈಗ ಬಾಗಿಲನ್ನು ಸ್ವಲ್ಪ ಅಗಲ ಮಾಡಿವೆ. ಸಭೆ ಫೋನಿನಲ್ಲೇ, ಸದಸ್ಯತ್ವ ನಮ್ಮ ಅನುಕೂಲಕ್ಕೆ ತಕ್ಕಂತೆ. ನಾನೂ ಹೀಗೇ ಎರಡು ವರ್ಷದ ಹಿಂದೆ ಊರಿನ ಒಂದು ಕ್ಲಬ್ಬಿಗೆ ಬೆಂಗಳೂರಲ್ಲಿ ಕೂತುಕೊಂಡೇ ಸೇರಿದೆ. "ಅದೇನು ವರ್ಕ್ ಆಗುತ್ತಾ?" ಅಂತ ಕೇಳೋ ಗೆಳತಿಯರಿಗೆ ಒಟ್ಟಿಗೇ ಉತ್ತರ ಕೊಡೋಣ ಅಂತ ಈ ವಾರದ ಅಂಕಣ.

ಮೊದಲು ಸ್ವಲ್ಪ ಹಿನ್ನೆಲೆ. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನೋ ವಕೀಲರು ಮೂವರು ಪರಿಚಿತರ ಜೊತೆ ಸೇರಿ ಶುರು ಮಾಡಿದ್ದು ರೋಟರಿ. ಅವರಿಗೆ ಸ್ವಂತ ಭವನ ಇರಲಿಲ್ಲ. ಇವತ್ತು ಒಬ್ಬರ ಆಫೀಸು, ಮುಂದಿನ ಸಲ ಇನ್ನೊಬ್ಬರದು. ಹೀಗೆ ಸರದಿ ಮೇಲೆ ಸೇರುತ್ತಿದ್ದರಿಂದಲೇ ಆ ಹೆಸರು ಬಂತು. ಜಾಗ ಬದಲಿಸಿಕೊಂಡೇ ಹುಟ್ಟಿದ ಸಂಸ್ಥೆಯಲ್ಲಿ ಆಮೇಲೆ ಹಾಜರಿ ನಿಯಮ ಬಿಗಿಯಾಯ್ತು. ವಾರಕ್ಕೊಂದು ಸಭೆ, ತಪ್ಪಿಸಿಕೊಂಡರೆ ಬೇರೆ ಊರಿನ ಕ್ಲಬ್ಬಿಗಾದರೂ ಹೋಗಿ ಸರಿದೂಗಿಸಬೇಕಿತ್ತು.

2002ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಮೊದಲ ಇ-ಕ್ಲಬ್ ಬಂತು. 2010ರಲ್ಲಿ ರೋಟರಿಯ ನಿಯಮಾವಳಿಯಲ್ಲಿ ಇ-ಕ್ಲಬ್‌ಗೆ ಕಾಯಂ ಜಾಗ ಸಿಕ್ಕಿತು. 2016ರಲ್ಲಿ ಇನ್ನೂ ದೊಡ್ಡ ಬದಲಾವಣೆ: ತಿಂಗಳಿಗೆ ಕನಿಷ್ಠ ಎರಡು ಸಲ ಸೇರಿದರೆ ಸಾಕು, ಅದು ಎದುರೆದುರೇ ಇರಲಿ, ಆನ್‌ಲೈನ್ ಇರಲಿ, ಎರಡೂ ಬೆರೆತಿರಲಿ, ಕ್ಲಬ್ಬೇ ತೀರ್ಮಾನ ಮಾಡಲಿ ಅಂದರು. ಹೊಸ ಕ್ಲಬ್ಬಿಗೆ 20 ಜನ ಬೇಕು; ಇರುವ ಕ್ಲಬ್ಬಿನ ಜೊತೆ ಸೇರಿಕೊಂಡು ಸ್ಯಾಟಲೈಟ್ ಕ್ಲಬ್ ಮಾಡೋದಾದರೆ 8 ಜನ ಇದ್ದರೆ ಆಯ್ತು. ಕೊರೊನಾ ಬಂದಾಗಂತೂ ಆನ್‌ಲೈನ್ ಸಭೆ ಬೇಡ ಅಂತಿದ್ದ ಹಿರಿಯರೂ ಜೂಮ್ ಕಲಿತರು.

ಇಷ್ಟೆಲ್ಲ ಒಳ್ಳೇದೇ. ಆದರೆ ಒಳಗಿದ್ದು ನೋಡಿದ ಮೇಲೆ ನನಗೆ ಒಂದು ವಿಷಯ ಕಾಣಿಸಿದೆ. ಆ ಹಳೇ ಹಾಜರಿ ನಿಯಮವನ್ನ ನಾವೆಲ್ಲ ಬೈತೀವಿ, ಆದರೆ ಅದರಿಂದ ಒಂದು ಉಪಕಾರ ಆಗ್ತಿತ್ತು. ನೀವು ಬರದಿದ್ರೆ ಖಾಲಿ ಕುರ್ಚಿ ಕಾಣಿಸ್ತಿತ್ತು. "ಯಾಕೆ ಬರಲಿಲ್ಲ, ಹುಷಾರಿಲ್ವಾ?" ಅಂತ ಯಾರೋ ಕೇಳ್ತಿದ್ರು. ಆನ್‌ಲೈನಲ್ಲಿ ಕ್ಯಾಮೆರಾ ಆಫ್, ಮೈಕ್ ಮ್ಯೂಟ್. ಇದ್ದೀರೋ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕ್ತಿದ್ದೀರೋ, ಯಾರಿಗೆ ಗೊತ್ತಾಗುತ್ತೆ?

ಅದರ ಬೆಲೆ ಏನು ಅಂತ ನಾನು ಸೇರಿದ ಮೊದಲ ತಿಂಗಳಲ್ಲೇ ಗೊತ್ತಾಯ್ತು. ನಮ್ಮೂರಲ್ಲಿ ಥಲಸ್ಸೇಮಿಯಾ ಇರೋ ಒಬ್ಬ ಪುಟ್ಟ ಹುಡುಗ ಇದ್ದಾನೆ. ಮೂರು ವಾರಕ್ಕೊಮ್ಮೆ ಅವನಿಗೆ ರಕ್ತ ಬೇಕು. ಆ ಸಲ ಬ್ಲಡ್ ಬ್ಯಾಂಕಲ್ಲಿ ಅವನ ಗುಂಪಿನ ರಕ್ತ ಖಾಲಿ. ಬೆಳಗ್ಗೆ ಕ್ಲಬ್ಬಿನ ವಾಟ್ಸ್ಯಾಪ್ ಗ್ರೂಪಿಗೆ ಮೆಸೇಜ್ ಬಂತು. ಕೈ ಮುಗಿದ ಇಮೋಜಿ ಸಾಲುಸಾಲು. "ಫಾರ್ವರ್ಡ್ ಮಾಡಿದ್ದೀನಿ" ಅಂತ ಹತ್ತಾರು ಜನ. ಸಂಜೆವರೆಗೂ ರಕ್ತ ಕೊಡೋಕೆ ಒಬ್ಬರೂ ಹೋಗಿರಲಿಲ್ಲ. ಎಲ್ಲರೂ ಓದಿದ್ರು, ಯಾರೋ ಹೋಗ್ತಾರೆ ಅಂತ ಎಲ್ಲರೂ ಅಂದ್ಕೊಂಡಿದ್ರು.

ಕೊನೆಗೆ ಕ್ಲಬ್ಬಿನ ಹಿರಿಯರಾದ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಉದ್ದನೆ ನೋಟ್‌ಬುಕ್ ತೆಗೆದು ಒಬ್ಬೊಬ್ಬರಿಗೇ ಫೋನ್ ಹಚ್ಚಿದರು. ಒಂಬತ್ತನೆಯವರು "ಬರ್ತೀನಿ ಸಾರ್" ಅಂದರು. ಆದರೆ ಕೊಟ್ಟ ರಕ್ತವನ್ನ ತಕ್ಷಣ ಏರಿಸೋ ಹಾಗಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಆಗಲೇಬೇಕು. ಹುಡುಗನಿಗೆ ರಕ್ತ ಸಿಕ್ಕಿದ್ದು ಮಾರನೇ ದಿನ. ಅವನ ಅಪ್ಪನಿಗೆ ಇನ್ನೊಂದು ದಿನದ ಕೂಲಿ ಹೋಯ್ತು.

ಮುಂದಿನ ಸಭೆಯಲ್ಲಿ ಮೇಷ್ಟ್ರು ನೇರವಾಗಿ ನನ್ನನ್ನೇ ಕೇಳಿದರು: "ನೀನು ಊರಿಗೆ ಬರೋದೇನೂ ಬೇಡಮ್ಮ. ನನಗೆ ಕಣ್ಣು ಮಂಜಾಗಿದೆ. ಈ ಪುಸ್ತಕ ನೀನು ನೋಡ್ಕೋತೀಯಾ?"

ಈಗ ಆ ಪುಸ್ತಕ ನನ್ನ ಫೋನಲ್ಲಿ ಒಂದು ಶೀಟ್. ಹೆಸರು, ರಕ್ತದ ಗುಂಪು, ಕಡೇ ಸಲ ಕೊಟ್ಟ ದಿನ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಆ ದಿನ ಬಂದವರ ಹೆಸರು ತಾನೇ ಹಸಿರಾಗುತ್ತೆ. ಕೆಂಪು ರಕ್ತಕಣಗಳನ್ನ ಬ್ಲಡ್ ಬ್ಯಾಂಕಲ್ಲಿ ಐದಾರು ವಾರ ಕಾಪಿಡಬಹುದಾದ್ದರಿಂದ, ಆ ಹುಡುಗನ ಸರದಿಗೆ ವಾರ ಇರುವಾಗಲೇ ಇಬ್ಬರಿಗೆ ಫೋನ್ ಮಾಡ್ತೀನಿ. ತಿಂಗಳಿಗೆ ಹೆಚ್ಚೆಂದರೆ ಎರಡು ಗಂಟೆ ಕೆಲಸ, ಅದೂ ಮೆಟ್ರೋದಲ್ಲಿ ನಿಂತ್ಕೊಂಡೇ ಆಗುತ್ತೆ. ನನಗೆ ಬಿಡುವಿಲ್ಲದ ವಾರ ಯಾರು ಮಾಡಬೇಕು ಅಂತ ಇನ್ನೊಂದು ಹೆಸರನ್ನೂ ಶೀಟಿನ ಮೇಲೇ ಬರೆದಿದ್ದೀವಿ.

ಇಂಥ ಕೆಲಸ ಬೇಕಾದಷ್ಟಿದೆ. ಕಣ್ಣಿನ ಶಿಬಿರದಲ್ಲಿ ಪೊರೆ ಆಪರೇಷನ್ ಆದ ಅಜ್ಜಿಯರಿಗೆ ಕೆಲವು ವಾರ ಹನಿ ಹಾಕ್ಕೋಬೇಕು. ಮರೀತಾರೆ. "ಅಜ್ಜಿ, ಡ್ರಾಪ್ಸ್ ಹಾಕ್ಕೊಂಡ್ರಾ?" ಅಂತ ಫೋನ್ ಮಾಡೋಕೆ ದುಬೈಯಲ್ಲಿರೋ ಸದಸ್ಯರಿಗೂ ಆಗುತ್ತೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಾರಕ್ಕೊಂದು ಗಂಟೆ ಗಣಿತ, ಕ್ಲಬ್ಬಿನ ಲೆಕ್ಕಪತ್ರ, ವಿದ್ಯಾರ್ಥಿವೇತನದ ಅರ್ಜಿ ತುಂಬಿಕೊಡೋದು, ಇದಕ್ಕೆಲ್ಲ ಊರಲ್ಲೇ ಇರಬೇಕು ಅಂತಿಲ್ಲ.

ಹಾಗಂತ ಎಲ್ಲವೂ ಫೋನಲ್ಲಿ ಆಗಲ್ಲ. ಶಿಬಿರದ ದಿನ ಅಜ್ಜಿಯ ಕೈ ಹಿಡಿದು ಮೆಟ್ಟಿಲು ಇಳಿಸೋಕೆ ಊರಲ್ಲೇ ಒಬ್ಬರು ಇರಬೇಕು. ರೋಟರಿ 1985ರಲ್ಲಿ ಪೋಲಿಯೊ ವಿರುದ್ಧ ಅಭಿಯಾನ ಶುರು ಮಾಡಿತು. ಭಾರತದಲ್ಲಿ ಕೊನೆಯ ವೈಲ್ಡ್ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಅಷ್ಟೂ ವರ್ಷ ಆರೋಗ್ಯ ಕಾರ್ಯಕರ್ತೆಯರೂ ಸ್ವಯಂಸೇವಕರೂ ಮನೆಮನೆ ಬಾಗಿಲು ತಟ್ಟಿದ್ದಾರೆ. ಆನ್‌ಲೈನ್ ಸದಸ್ಯರು ಇಂಥ ಕಾಲ್ನಡಿಗೆಯವರಿಗೆ ಹೊರೆ ಆಗಬಾರದು, ಹೆಗಲಾಗಬೇಕು.

ಸೇರೋ ಯೋಚನೆ ಇದ್ರೆ, ಶುಲ್ಕ ಕಟ್ಟೋಕೆ ಮುಂಚೆ ಅಧ್ಯಕ್ಷರನ್ನೋ ಕಾರ್ಯದರ್ಶಿಯನ್ನೋ ನಾಲ್ಕು ಮಾತು ಕೇಳಿ. ನನ್ನ ಹೆಸರಿಗೆ ಯಾವ ಕೆಲಸ ಕೊಡ್ತೀರಿ? ನನಗೆ ಆಗದ ವಾರ ಅದನ್ನ ಯಾರು ಮಾಡ್ತಾರೆ? ಕಟ್ಟೋ ದುಡ್ಡಲ್ಲಿ ಊಟಕ್ಕೆಷ್ಟು, ಸೇವೆಗೆಷ್ಟು? ಆನ್‌ಲೈನಲ್ಲಿ ಇರೋರಿಗೂ ಮತ ಹಾಕೋ ಹಕ್ಕು ಇದೆಯಾ?

ಮೊದಲನೇ ಪ್ರಶ್ನೆಗೆ "ಸೇರಿ ಮೇಡಂ, ಆಮೇಲೆ ನೋಡೋಣ" ಅನ್ನೋ ಉತ್ತರ ಬಂದ್ರೆ ಸ್ವಲ್ಪ ತಡೀರಿ. ಅಲ್ಲಿ ನಿಮ್ಮಿಂದ ಶುಲ್ಕ ಬರುತ್ತೆ, ಫೋಟೋದಲ್ಲಿ ಒಂದು ಮುಖ ಹೆಚ್ಚಾಗುತ್ತೆ, ಅಷ್ಟೇ. "ಇಗೋ ಈ ಪಟ್ಟಿ, ಹದಿನೈದು ದಿನಕ್ಕೊಮ್ಮೆ ಇವರಿಗೆಲ್ಲ ಫೋನ್ ಮಾಡ್ಬೇಕು" ಅಂದ್ರೆ ಧೈರ್ಯವಾಗಿ ಹೂಂ ಅನ್ನಿ. ಯಾವ ಹೊತ್ತಿಗೆ ಮಾಡ್ತೀರಿ, ಎಲ್ಲಿ ಕೂತು ಮಾಡ್ತೀರಿ ಅನ್ನೋದು ನಿಮ್ಮಿಷ್ಟ. ಮಾಡ್ತೀನಿ ಅಂತ ಒಪ್ಪಿಕೊಂಡ ದಿನ ಮಾತ್ರ ಮಾಡಿಬಿಡಿ. ಆ ಕಡೆ ಯಾರೋ ಒಬ್ಬರು ಅದನ್ನೇ ನಂಬಿ ಕೂತಿರ್ತಾರೆ.